ಬುಲೆಟ್ಟಿನ ಒಳಚೈನು: ಕಾಣದ್ದನ್ನು ಕೇಳೋರು ಯಾರು?

ಕ್ಯಾಸಂಬಳ್ಳಿ: ಬೆಳಗಿನ ಬಸ್ಸಿಗೆ ಕಾದು ನಿಂತವರಿಗೆ ಬುಲೆಟ್ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಡುಗ್ ಡುಗ್ ಸದ್ದು ಇರಲಿ ಬಿಡಿ, ಅದು ಅದರ ಹುಟ್ಟುಗುಣ. ಆದರೆ ಅದರ ಜೊತೆ ಎಡಗಾಲಿನ ಹತ್ತಿರ ಕಟಕಟ ಅಂತ ಇನ್ನೊಂದು ಸದ್ದು ಸೇರಿಕೊಂಡರೆ? ಅದು ಹುಟ್ಟುಗುಣ ಅಲ್ಲ ಸ್ವಾಮಿ, ಸಾಲಗಾರನ ನೋಟೀಸು!

ಬಂಗಾರಪೇಟೆ, ಕೆ.ಜಿ.ಎಫ್. ಕಡೆ ಹಳೇ ಬುಲೆಟ್ಟು, ಹಳೇ ಯೆಜ್ಡಿ ಅಂದರೆ ಬರೀ ಶೋಕಿಯಲ್ಲ. ಹಿಂದಿನ ಸೀಟಿಗೆ ಮೂಟೆ ಕಟ್ಟಿ, ಪಕ್ಕಕ್ಕೆ ಹಾಲಿನ ಕ್ಯಾನು ತೂಗುಹಾಕಿ ದುಡಿಯುವ ಎತ್ತು ಅದು. ಎತ್ತು ಮಲಗಿದರೆ ಅವತ್ತಿನ ವ್ಯಾಪಾರವೂ ಮಲಗಿದಂತೆ. ಆದ್ದರಿಂದ ಈ ಕಟಕಟದ ವಿಚಾರ ನಾಲ್ಕು ಮಾತು.

ಚೈನು ಒಂದಲ್ಲ, ಎರಡು

ಹಿಂದಿನ ಚಕ್ರಕ್ಕೆ ಹೋಗುವ ಚೈನು ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಎಣ್ಣೆ ಬಿಡುತ್ತಾರೆ, ಸಡಿಲವಾದರೆ ಬಿಗಿ ಮಾಡುತ್ತಾರೆ. ಆದರೆ ಎಡಗಡೆಯ ಮುಚ್ಚಳದ ಒಳಗೆ, ಎಣ್ಣೆಯಲ್ಲಿ ಮುಳುಗಿ ಓಡುವ ಇನ್ನೊಂದು ಚೈನಿದೆ. ಇಂಜಿನ್ನಿನ ಶಕ್ತಿಯನ್ನು ಕ್ಲಚ್ಚಿಗೆ ಮುಟ್ಟಿಸುವುದು ಇದರ ಕೆಲಸ. ಪ್ರೈಮರಿ ಚೈನು ಅಂತ ಹೆಸರು. ಕಾಣದ ಕೂಲಿಯವನನ್ನು ಕೇಳೋರು ಯಾರು ಹೇಳಿ?

ಮದರಾಸಿನಲ್ಲಿ 1955ರಲ್ಲಿ ಶುರುವಾದ ಎನ್‌ಫೀಲ್ಡ್ ಕಂಪನಿಯ ಬುಲೆಟ್ಟಿಗೂ, ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿಗಳಿಗೂ ಈ ಒಳಚೈನು ಇದೆ. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ.

ಅಗ್ಗದ ರಿಪೇರಿ, ದುಬಾರಿ ಪಾಠ

ಒಬ್ಬ ಕಿರಾಣಿ ಅಂಗಡಿಯವರು ಅಂತಿಟ್ಟುಕೊಳ್ಳಿ. ಬುಲೆಟ್ಟಿನಲ್ಲಿ ಸದ್ದು ಬಂತು. ಗ್ಯಾರೇಜಿಗೆ ಹೋದರು. 'ಚೈನೊಂದು ಹಾಕಿಬಿಡು, ಹಲ್ಲಿನ ಚಕ್ರ ಇನ್ನೂ ಓಡುತ್ತೆ' ಅಂದರು. ಸದ್ದು ನಿಂತಿತು, ಖುಷಿಯಾದರು. ಕೆಲವು ತಿಂಗಳಿಗೆ ಅದೇ ಕಟಕಟ ವಾಪಸ್! ಯಾಕೆ?

ಸೈಕಲ್ ಅಂಗಡಿ ಹುಡುಗನನ್ನು ಕೇಳಿ, ಅವನೇ ಹೇಳುತ್ತಾನೆ. ಸವೆದ ಹಲ್ಲಿನ ಮೇಲೆ ಹೊಸ ಚೈನು ಸರಿಯಾಗಿ ಕೂರುವುದಿಲ್ಲ. ಹಳೇ ಹಲ್ಲು ಹೊಸ ಚೈನನ್ನೂ ತಿಂದು ತನ್ನಂತೆಯೇ ಮಾಡಿಕೊಳ್ಳುತ್ತದೆ. ಬುಲೆಟ್ಟಿನಲ್ಲಿ ಕ್ಲಚ್ ಒಂದು ಸುತ್ತು ಬರುವಷ್ಟರಲ್ಲಿ ಇಂಜಿನ್ ಕಡೆಯ ಚಿಕ್ಕ ಚಕ್ರ ಎರಡು ಸುತ್ತಿಗೂ ಮೇಲೆ ಸುತ್ತಿರುತ್ತದೆ. ಆದ್ದರಿಂದ ಚಿಕ್ಕದರ ಹಲ್ಲು ಮೊದಲು ಸವೆಯುತ್ತದೆ, ಕೊಕ್ಕೆಯ ಹಾಗೆ ಬಾಗುತ್ತದೆ. ಚೈನು ಹಾಕಿಸುವಾಗ ಎರಡು ಚಕ್ರವನ್ನೂ ಬೆಳಕಿಗೆ ಹಿಡಿದು ನೋಡಿ. ಸವೆದಿದ್ದರೆ ಮೂರನ್ನೂ ಒಟ್ಟಿಗೇ ಬದಲಾಯಿಸಿ. ಕೈಯಿಂದ ಕಾಸು ಹೋಗುವುದು ಒಂದೇ ಸಲ.

ಇನ್ನೊಂದು ವಿಷಯ. ಬುಲೆಟ್ಟಿನ ಒಳಚೈನಿಗೆ ಬಿಚ್ಚುವ ಕೊಂಡಿ ಇಲ್ಲ. ಅದನ್ನು ತೆಗೆಯಬೇಕಾದರೆ ಆಲ್ಟರ್ನೇಟರ್ ಕಳಚಿ, ಚಿಕ್ಕ ಚಕ್ರ ಮತ್ತು ಕ್ಲಚ್ ಎರಡನ್ನೂ ಚೈನಿನ ಸಮೇತ ಒಟ್ಟಿಗೆ ಎಳೆಯಬೇಕು. ಅದಕ್ಕೆ ಪುಲ್ಲರ್ ಬೇಕು. ಸುತ್ತಿಗೆ ಹಿಡಿದು ಬಂದರೆ 'ನಿಲ್ಲಪ್ಪಾ' ಅನ್ನಿ. ಕ್ರ್ಯಾಂಕಿನ ತುದಿಗೆ ಬಿದ್ದ ಏಟು ಇಂಜಿನ್ನಿಗೇ ಬಿದ್ದ ಹಾಗೆ.

ಅಡಿಪಟ್ಟಿ ಸಾಕು

ಚೈನು ಸವೆದಿದೆಯೋ ಇಲ್ಲವೋ ಅಂತ ಬೇರೆಯವರ ಬಾಯಿ ನೋಡಬೇಕಾಗಿಲ್ಲ. ಬುಲೆಟ್ಟಿನ ಒಳಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಮುಕ್ಕಾಲಿನ ಅರ್ಧ ಇಂಚು, ಅಂದರೆ 9.525 ಮಿಲಿಮೀಟರು. ಬಿಚ್ಚಿದ ಚೈನನ್ನು ಹಲಗೆಯ ಮೇಲೆ ಎಳೆದು ಮಲಗಿಸಿ, ಒಂದು ಪಿನ್ನಿನ ನಡುವಿನಿಂದ ಮುಂದಿನ 20ನೇ ಪಿನ್ನಿನ ನಡುವಿಗೆ ಅಳೆಯಿರಿ. ಹೊಸದಾದರೆ 190.5 ಮಿ.ಮೀ. ಬರುತ್ತದೆ. 194 ದಾಟಿದರೆ ನೂರಕ್ಕೆ ಎರಡರಷ್ಟು ಉದ್ದವಾಯಿತು, ಗುಜರಿಗೆ ಹಾಕಿ.

ಹೊಸದು ಹಾಕುವ ಮುನ್ನ ಟೆನ್ಷನರನ್ನು ಸಡಿಲ ಬಿಡಬೇಕು. ಹಾಕಿದ ಮೇಲೆ ಇಂಜಿನ್ನನ್ನು ನಿಧಾನಕ್ಕೆ ಸುತ್ತಿಸುತ್ತಾ ನಾಲ್ಕಾರು ಕಡೆ ಪರೀಕ್ಷಿಸಿ. ಎಲ್ಲಿ ಹೆಚ್ಚು ಬಿಗಿಯಿದೆಯೋ ಅಲ್ಲಿ ಕಾಲು ಇಂಚು, ಅಂದರೆ ಸುಮಾರು 6 ಮಿ.ಮೀ. ಮೇಲೆ ಕೆಳಗೆ ಆಡಬೇಕು. ವೀಣೆ ತಂತಿಯ ಹಾಗೆ ಬಿಗಿದರೆ ಸದ್ದು ನಿಲ್ಲುತ್ತದೆ, ಬೇರಿಂಗು ಅಳುತ್ತದೆ. ಜಾವಾ, ಯೆಜ್ಡಿಯವರಿಗೆ ಈ ಭಾಗ್ಯವೂ ಇಲ್ಲ. ಬಿಗಿ ಮಾಡುವ ಸ್ಕ್ರೂವೇ ಇಲ್ಲ, ಸಡಿಲವಾದರೆ ಬದಲಾವಣೆಯೊಂದೇ ದಾರಿ.

ಸ್ಪೀಡಿನ ಆಸೆಯವರಿಗೆ

'ಬಿಚ್ಚಿದ್ದೇ ಬಿಚ್ಚಿದ್ದು, ಸ್ಪೀಡು ಜಾಸ್ತಿ ಮಾಡಿಸಿಬಿಡೋಣ' ಅನ್ನುವ ಹುಡುಗರಿದ್ದಾರೆ. ಅದಕ್ಕೆ ಮುಟ್ಟಬೇಕಾದ್ದು ಒಳಚೈನನ್ನಲ್ಲ, ಕ್ಲಚ್ಚಿನ ಹಿಂದೆ ಅಡಗಿರುವ ಗೇರ್‌ಬಾಕ್ಸಿನ ಹಲ್ಲುಚಕ್ರವನ್ನು. ಒಂದು ಹಲ್ಲು ಹೆಚ್ಚಿಸಿದರೆ ಹೆದ್ದಾರಿಯಲ್ಲಿ ಇಂಜಿನ್ ನಿರಾಳ. ಆದರೆ ಮೂಟೆ ಹೇರಿಕೊಂಡು ದಿಣ್ಣೆ ಹತ್ತುವವರಿಗೆ ಎಳೆತ ಕಡಿಮೆಯಾಗುತ್ತದೆ. ನಿಮ್ಮ ದಾರಿ ಯಾವುದು ಅಂತ ನೀವೇ ನೋಡಿಕೊಳ್ಳಿ.

ಚೈನು ಕಿತ್ತು ಬೆಲ್ಟು ಹಾಕುವ ಕಿಟ್ಟೂ ಸಿಗುತ್ತದೆ. ತೂಕ ಕಡಿಮೆ, ಸದ್ದು ಕಡಿಮೆ. ಆದರೆ ಬೆಲ್ಟಿಗೆ ಒಣ ಜಾಗ ಬೇಕು. ಎಲ್ಲೋ ಒಂದು ಸೀಲಿನಿಂದ ಎಣ್ಣೆ ಜಿನುಗಿತೋ, ಕ್ಲಚ್ ಜಾರಿತು. ದುಡಿಯುವ ಗಾಡಿಗೆ ಒಳ್ಳೆಯ ಚೈನು, ಸರಿಯಾದ ಚಕ್ರ, ಲೆವೆಲ್ ಸ್ಕ್ರೂವಿನವರೆಗೆ ಎಣ್ಣೆ, ಇಷ್ಟಿದ್ದರೆ ಅದೇ ದೊಡ್ಡ ಅಪ್‌ಗ್ರೇಡು.

ಎಣ್ಣೆಯ ಮಾತು ಬಂತಲ್ಲ, ಬುಲೆಟ್ಟಿನ ಹಳೇ ನಾಲ್ಕು ಗೇರಿನ ಗಾಡಿಯಲ್ಲಿ ಒಳಚೈನಿನ ಎಣ್ಣೆಯೇ ಬೇರೆ, ಇಂಜಿನ್ನಿನದೇ ಬೇರೆ. ಇಂಜಿನ್ನಿಗೆ ಹಾಕಿಸಿ 'ಆಯ್ತು' ಅಂತ ಮನೆಗೆ ಹೋದರೆ ಒಳಚೈನು ಉಪವಾಸ. ಯೆಜ್ಡಿಯಲ್ಲಿ ಗೇರ್‌ಬಾಕ್ಸು, ಒಳಚೈನು ಎರಡಕ್ಕೂ ಒಂದೇ ಎಣ್ಣೆ. ಅದು ಪದೇ ಪದೇ ಕಡಿಮೆಯಾಗಿ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ ಕ್ರ್ಯಾಂಕಿನ ಎಡಗಡೆ ಸೀಲು ನೋಡಿಸಿ, ಇಂಜಿನ್ನು ಎಣ್ಣೆ ಕುಡಿಯುತ್ತಿರಬಹುದು.

ನಮ್ಮ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅದು ನಡೆಯುತ್ತಿದ್ದ ಕಾಲಕ್ಕೆ ಚಾಂಪಿಯನ್ ರೀಫಿನಲ್ಲಿ ಆಳ 3 ಕಿಲೋಮೀಟರ್ ದಾಟಿತ್ತು. ಆಳಕ್ಕೆ ಇಳಿಯುವ ಜನರ ಜೀವ ತಂತಿಹಗ್ಗದ ಮೇಲೆ ತೂಗುತ್ತಿತ್ತು. ಹಗ್ಗ ಹರಿಯಲಿ, ಆಮೇಲೆ ನೋಡೋಣ ಅಂತ ಅಲ್ಲಿ ಯಾರೂ ಕೂರುವ ಹಾಗಿರಲಿಲ್ಲ. ಒಳಚೈನು ತುಂಡಾದರೆ ಕೇಸು ಒಡೆಯಬಹುದು, ಗಾಡಿ ನಡುರಸ್ತೆಯಲ್ಲಿ ನಿಲ್ಲಬಹುದು. ಹಿಂದೆ ಬರುವ ಲಾರಿಗೆ ಅದು ಗೊತ್ತಾಗುತ್ತದೆಯೇ?

ಕಿವಿ ಕೊಡಿ ಸ್ವಾಮಿ. ಕಟಕಟ ಅನ್ನುವುದು ಗಾಡಿಯ ಬಾಯಿ. ಅದು ಕೇಳುತ್ತಿರುವುದು ಇವತ್ತು ಅರ್ಧ ದಿನ. ಕೊಡದಿದ್ದರೆ ನಾಳೆ ವಾರದ ವ್ಯಾಪಾರವನ್ನೇ ಕೇಳೀತು!