ಪ್ರೈರಿ ಹುಲ್ಲುಗಾವಲಿನ ಪಾಠ

ಉಳದೆ ಬಿಟ್ಟ ನೆಲವೆಲ್ಲವೂ ಬಂಜರೆಂಬ ಭಾವನೆಯು ರೈತಾಪಿ ಜನರಲ್ಲಿ ಬಹುಕಾಲದಿಂದ ಬೇರೂರಿರುವುದು. ಇದರಿಂದೊದಗುವ ನಷ್ಟವನ್ನು ಉತ್ತರ ಅಮೆರಿಕಾದ ಅನುಭವವು ಚೆನ್ನಾಗಿ ತೋರಿಸಿಕೊಡುತ್ತದೆ. ಆ ಖಂಡದ ಮಧ್ಯಭಾಗದಲ್ಲಿರುವ ವಿಸ್ತಾರವಾದ ಹುಲ್ಲುಗಾವಲಿಗೆ ಪ್ರೈರಿ ಎಂದು ಹೆಸರು. ಮಳೆ ಕಡಿಮೆಯಾದ ಪಶ್ಚಿಮದಲ್ಲಿ ಗಿಡ್ಡ ಹುಲ್ಲೂ, ಮಳೆ ಹೆಚ್ಚಾದ ಪೂರ್ವದಲ್ಲಿ ಆಳೆತ್ತರದ ಹುಲ್ಲೂ ಬೆಳೆಯುವುವು. 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರನು ಉಕ್ಕಿನ ನೇಗಿಲನ್ನು ಮಾಡಿದ ತರುವಾಯ ಅಲ್ಲಿಯ ಜಿಗುಟು ಮಣ್ಣನ್ನು ಉಳುವುದು ಸುಲಭವಾಯಿತು. ಎತ್ತರದ ಹುಲ್ಲಿನ ಪ್ರೈರಿಯಲ್ಲಿ ಈಗ ಉಳಿದಿರುವುದು ಶೇಕಡಾ 4ಕ್ಕಿಂತಲೂ ಕಡಿಮೆ. ದಕ್ಷಿಣದ ಒಣ ಬಯಲುಗಳಲ್ಲಿ ಹುಲ್ಲನ್ನು ಕಿತ್ತು ಗೋಧಿ ಬಿತ್ತಿದ್ದರಿಂದ, 1930ರ ದಶಕದ ಬರಗಾಲದಲ್ಲಿ ಮೇಲ್ಮಣ್ಣು ಧೂಳಾಗಿ ಹಾರಿಹೋಯಿತು. 1935ನೆಯ ಏಪ್ರಿಲ್ 14ರಂದು ಎದ್ದ ಧೂಳಿನ ಬಿರುಗಾಳಿಗೆ ಹಗಲಿನಲ್ಲಿಯೇ ಕತ್ತಲೆ ಕವಿಯಿತು. ಅದೇ ತಿಂಗಳಲ್ಲಿ ಅಲ್ಲಿಯ ಸರ್ಕಾರವು ಮಣ್ಣಿನ ಸಂರಕ್ಷಣೆಗಾಗಿ ಪ್ರತ್ಯೇಕ ಇಲಾಖೆಯನ್ನೇ ಸ್ಥಾಪಿಸಿತು.

ಉಳಿದ ಪ್ರೈರಿಯ ತುಂಡುಗಳಿಗೆ, ಉದಾಹರಣೆಗಾಗಿ ಕಾನ್ಸಾಸ್ ಸಂಸ್ಥಾನದ ಕೊಂಜಾ ಪ್ರೈರಿಗೆ, ಈಗ ಶಾಲೆಯ ಮಕ್ಕಳನ್ನು ಕರೆದೊಯ್ದು ಪಾಠ ಹೇಳುವ ಏರ್ಪಾಡಿದೆ. ಮಾಧ್ಯಮಿಕ ತರಗತಿಯವರು ತಿಳಿಯಬೇಕಾದ ವಿಷಯಗಳು ಮುಖ್ಯವಾಗಿ ಮೂರು.

1. ಬೇರು.— ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲಿನ ಬೇರು 8ರಿಂದ 10 ಅಡಿಯವರೆಗೂ ಇಳಿಯುವುದುಂಟು. ಆದಕಾರಣ ಬೆಂಕಿ ಬಿದ್ದರೂ, ದನ ಮೇದರೂ, ಮಳೆ ತಪ್ಪಿದರೂ ಹುಲ್ಲು ಪುನಃ ಚಿಗುರುವುದು. ವರ್ಷವರ್ಷವೂ ಬೇರಿನ ಒಂದು ಭಾಗವು ಸತ್ತು ಕೊಳೆತು ನೆಲವನ್ನು ಫಲವತ್ತಾಗಿ ಮಾಡುವುದು.

2. ಕಾಡುಹೂಗಳು.— ವಸಂತದಿಂದ ಶರತ್ಕಾಲದವರೆಗೆ ಒಂದಾದಮೇಲೊಂದು ಜಾತಿಯ ಹೂವು ಅರಳುವುದರಿಂದ ಜೇನ್ನೊಣಗಳಿಗೆ ಆಹಾರವು ತಪ್ಪುವುದಿಲ್ಲ. ನೇರಿಳೆ ಬಣ್ಣದ ಪ್ರೈರಿ ಕ್ಲೋವರ್ ಗಿಡವು ಹುರುಳಿ, ಅವರೆಗಳಂತೆ ಬೇರಿನ ಗಂಟುಗಳ ಮೂಲಕ ಸಾರಜನಕವನ್ನು ನೆಲಕ್ಕೆ ಕೂಡಿಸುವುದು. ಮಿಲ್ಕ್‌ವೀಡ್ ಎಂಬುದು ಎಕ್ಕದ ಕುಟುಂಬಕ್ಕೆ ಸೇರಿದ ಹಾಲುಗಿಡ. ಮೊನಾರ್ಕ್ ಚಿಟ್ಟೆಯ ಹುಳುವಿಗೆ ಇದರ ಎಲೆಯ ಹೊರತು ಬೇರೆ ಆಹಾರವಿಲ್ಲ. ಗಿಡವನ್ನು ಕಳೆಯೆಂದು ನಿರ್ಮೂಲ ಮಾಡಿದಲ್ಲಿ ಚಿಟ್ಟೆಯೂ ಇಲ್ಲವಾಗುವುದು.

3. ಆಹಾರಜಾಲ.— ಹುಲ್ಲನ್ನು ಮಿಡತೆಯೂ, ಮಿಡತೆಯನ್ನು ಹಕ್ಕಿಯೂ, ಹಕ್ಕಿಯನ್ನು ಗಿಡುಗವೂ ತಿನ್ನುವುದು. ಪ್ರತಿ ಮೆಟ್ಟಿಲಿನಲ್ಲಿಯೂ ಮೇಲಕ್ಕೆ ಸಲ್ಲುವುದು ಆಹಾರಶಕ್ತಿಯ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಮಿಡತೆಗಳು ಅಸಂಖ್ಯವಾಗಿದ್ದು ಗಿಡುಗಗಳು ವಿರಳವಾಗಿರುವುದಕ್ಕೆ ಇದೇ ಕಾರಣ. ಆದರೆ ಒಂದೊಂದು ಪ್ರಾಣಿಗೂ ಹಲವು ಆಹಾರಗಳೂ ಹಲವು ಶತ್ರುಗಳೂ ಇರುವುದರಿಂದ ಇದು ಸರಪಳಿಯಲ್ಲ, ಬಲೆ. ಇದನ್ನು ಬೋಧಿಸಲು ಮಕ್ಕಳನ್ನು ವೃತ್ತಾಕಾರವಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಒಂದೊಂದು ಜೀವಿಯ ಹೆಸರನ್ನು ಕೊಟ್ಟು, ತಿನ್ನುವವರಿಗೂ ತಿನ್ನಲ್ಪಡುವವರಿಗೂ ದಾರ ಹಿಡಿಸಬೇಕು. ಒಬ್ಬನು ಕೈಬಿಟ್ಟೊಡನೆ ಯಾರಾರ ದಾರ ಸಡಿಲವಾಯಿತೆಂಬುದನ್ನು ಮಕ್ಕಳೇ ಹೇಳುವರು.

ಇದು ಆಟದ ಮಾತಲ್ಲ. ಅಳಿಲಿನ ಬಳಗಕ್ಕೆ ಸೇರಿದ ‘ಪ್ರೈರಿ ನಾಯಿ’ಗಳು ಮೇವನ್ನು ಹಾಳುಮಾಡುವುವೆಂದು ಅವುಗಳಿಗೆ ವಿಷವಿಟ್ಟು ಕೊಂದರು. ಅವುಗಳನ್ನೇ ತಿಂದು ಅವುಗಳ ಬಿಲದಲ್ಲಿಯೇ ವಾಸಿಸುವ ಕಪ್ಪುಗಾಲಿನ ಫೆರೆಟ್ ಎಂಬ ಪ್ರಾಣಿಯು, ಆಹಾರ ನಾಶದಿಂದಲೂ ರೋಗಗಳಿಂದಲೂ ಕ್ಷೀಣಿಸಿ, 1987ರ ವೇಳೆಗೆ ಕೇವಲ 18ಕ್ಕಿಳಿಯಿತು. ಅವುಗಳಿಂದ ಮರಿಮಾಡಿಸಿ ಸಂತತಿಯನ್ನು ಉಳಿಸಿಕೊಳ್ಳಬೇಕಾಯಿತು.

ನಮ್ಮ ಗ್ರಾಮಗಳಲ್ಲಿ.— ಗೋಮಾಳ ಅಥವಾ ಕಾವಲು ಇರುವ ಗ್ರಾಮಗಳಲ್ಲಿ ಇದೇ ಪಾಠವನ್ನು ಖರ್ಚಿಲ್ಲದೆ ನಡೆಸಬಹುದು. ನಾಲ್ಕು ಗೂಟ ನೆಟ್ಟು ದಾರ ಕಟ್ಟಿ ಒಂದು ಗಜ ಚೌಕವನ್ನು ಗುರುತು ಮಾಡಿಸಿ, ಮಳೆಗಾಲಕ್ಕೆ ಮೊದಲೂ ತರುವಾಯವೂ ಅದರೊಳಗಿನ ಸಸ್ಯಜಾತಿಗಳನ್ನೂ ಹುಳುಗಳನ್ನೂ ಮಕ್ಕಳಿಂದ ಎಣಿಸಿ ಬರೆಯಿಸತಕ್ಕದ್ದು. ಮಿಡತೆ, ಓತಿಕ್ಯಾತ, ಗೌಜಲಹಕ್ಕಿ, ಮುಂಗುಸಿ, ಗಿಡುಗ ಇವುಗಳಿಂದ ದಾರದ ಬಲೆಯನ್ನು ಹೆಣೆಯಬಹುದು. ಎಕ್ಕದ ಗಿಡದ ಮೇಲೆ ಹುಡುಕಿದರೆ ಮೊನಾರ್ಕಿನ ಬಂಧುವಾದ ಚಿಟ್ಟೆಯ ಪಟ್ಟೆಪಟ್ಟೆಯ ಹುಳುವೂ ದೊರೆಯಬಹುದು.

ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದವರು ಉತ್ತು ಬಿಟ್ಟಿದ್ದ ಹೊಲದಲ್ಲಿ ಪ್ರೈರಿಯನ್ನು ಪುನಃ ಬೆಳೆಸಲು 1930ರ ದಶಕದಲ್ಲಿ ಆರಂಭಿಸಿದ ಕಾರ್ಯವು ಇಂದಿಗೂ ಮುಗಿದಿಲ್ಲ. ಕಳೆದುಕೊಂಡ ಹುಲ್ಲುಗಾವಲನ್ನು ಮರಳಿ ಪಡೆಯುವುದು ಇಷ್ಟು ಕಷ್ಟವಾದುದರಿಂದ, ಗ್ರಾಮದ ಮುಖಂಡರೂ ಜಮೀನುದಾರರೂ ಗೋಮಾಳದ ಒಂದು ಮೂಲೆಯನ್ನಾದರೂ ಉಳದೆ, ಮಳೆಗಾಲದಲ್ಲಿ ದನ ಬಿಡದೆ, ಶಾಲೆಯ ಮಕ್ಕಳ ಅಭ್ಯಾಸಕ್ಕಾಗಿ ಕಾದಿರಿಸುವುದು ಯುಕ್ತವಾಗಿದೆ.