ಐದು ಡಾಲರಿನಿಂದ ಮೊದಲಾದ ಕಂಚಿನ ಪ್ರತಿಮೆ

ಊರಿನ ಚೌಕದಲ್ಲಿ ಮಹಾಪುರುಷನೊಬ್ಬನ ಪ್ರತಿಮೆಯನ್ನು ಕಂಡಾಗ ನಾವು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಇದು ಯಾರದು? ಇದಕ್ಕೆ ಹಣ ಕೊಟ್ಟವರಾರು, ಇದರ ರೂಪವನ್ನು ನಿಶ್ಚಯಿಸಿದವರಾರು ಎಂಬ ಪ್ರಶ್ನೆಗಳು ನಮ್ಮ ಮನಸ್ಸಿಗೆ ಹೊಳೆಯುವುದೇ ಅಪೂರ್ವ. ಹಣ ಕೊಟ್ಟವರು ಒಬ್ಬರು, ರೂಪ ನಿಶ್ಚಯಿಸಿದವರು ಇನ್ನೊಬ್ಬರು ಆದಲ್ಲಿ ಎಂತಹ ವಿವಾದವು ಹುಟ್ಟಿ ಎಷ್ಟು ಕಾಲ ಉಳಿಯುವುದೆಂಬುದಕ್ಕೆ, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್‌ಟನ್ ನಗರದ ಲಿಂಕನ್ ಉದ್ಯಾನದಲ್ಲಿರುವ ಅಬ್ರಹಾಂ ಲಿಂಕನ್ನನ ಕಂಚಿನ ಪ್ರತಿಮೆಯು ನಿದರ್ಶನವಾಗಿದೆ. ಅದರ ಚರಿತ್ರೆಯನ್ನು ವಾಚಕರ ಮುಂದಿಡುವೆವು.

ಅಧ್ಯಕ್ಷನಾಗಿದ್ದ ಲಿಂಕನ್ನನು ೧೮೬೫ನೆಯ ಇಸವಿ ಏಪ್ರಿಲ್ ೧೪ರ ರಾತ್ರಿ ಘಾತಕನ ಗುಂಡಿಗೆ ಗುರಿಯಾಗಿ ಮರುದಿನ ಬೆಳಗ್ಗೆ ಪ್ರಾಣಬಿಟ್ಟನು. ಆಗ ಓಹಾಯೋ ಸಂಸ್ಥಾನದ ಮೇರಿಯೆಟ್ಟಾ ಎಂಬ ಊರಿನಲ್ಲಿ ಷಾರ್ಲೆಟ್ ಸ್ಕಾಟ್ ಎಂಬ ಕಪ್ಪುವರ್ಣದ ಹೆಂಗಸು ವಾಸವಾಗಿದ್ದಳು. ಆಕೆ ವರ್ಜೀನಿಯಾದಲ್ಲಿ ಹಿಂದೆ ಗುಲಾಮಳಾಗಿದ್ದವಳು. ಲಿಂಕನ್ನನ ಮರಣವಾರ್ತೆಯನ್ನು ಕೇಳಿದ ದಿನವೇ, ಸ್ವತಂತ್ರಳಾದ ಮೇಲೆ ತಾನು ಮೊಟ್ಟಮೊದಲು ಸಂಪಾದಿಸಿದ ಐದು ಡಾಲರುಗಳನ್ನು, ಮೊದಲು ತನ್ನ ಒಡೆಯನಾಗಿದ್ದವನ ಕೈಯಲ್ಲಿಟ್ಟು, ಆ ಮಹನೀಯನಿಗೆ ಒಂದು ಸ್ಮಾರಕವಾಗಲಿ ಎಂದು ಕೇಳಿಕೊಂಡಳು. ದುಡಿಮೆಯ ಕೂಲಿಯೆಂಬುದನ್ನೇ ಅರಿಯದೆ ಬಾಳಿದವಳಿಗೆ ಆ ಮೊದಲ ಸಂಪಾದನೆಯ ಬೆಲೆ ಎಷ್ಟೆಂಬುದನ್ನು ಗೃಹಸ್ಥರಾದ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಐದು ಡಾಲರು ಬೀಜವಾಯಿತು. ಸೇಂಟ್ ಲೂಯಿ ನಗರದಲ್ಲಿ, ಯುದ್ಧದಲ್ಲಿ ಗಾಯಗೊಂಡವರ ಶುಶ್ರೂಷೆಗಾಗಿ ಏರ್ಪಟ್ಟಿದ್ದ 'ವೆಸ್ಟರ್ನ್ ಸ್ಯಾನಿಟರಿ ಕಮಿಷನ್' ಎಂಬ ಸಂಸ್ಥೆಯು ನಿಧಿಯ ಹೊಣೆಯನ್ನು ವಹಿಸಿತು. ದಾಸ್ಯದಿಂದ ಬಿಡುಗಡೆ ಹೊಂದಿದವರು, ಅವರಲ್ಲಿಯೂ ವಿಶೇಷವಾಗಿ ಸರ್ಕಾರದ ಸೈನ್ಯದಲ್ಲಿದ್ದ ಕಪ್ಪುವರ್ಣದ ಸಿಪಾಯಿಗಳು, ತಮ್ಮ ಅಲ್ಪವಾದ ಸಂಬಳದಿಂದ ಹಣವನ್ನು ಕಳುಹಿಸತೊಡಗಿದರು. ಮೊಬಲಗು ೧೬,೦೦೦ ಡಾಲರಿಗೂ ಮೀರಿತು. ಶ್ರೀಮಂತರ ದಾನವಲ್ಲ, ಬಡವರ ಬೆವರು ಈ ಪ್ರತಿಮೆಗೆ ಬಂಡವಾಳ.

ಆದರೆ ಪ್ರತಿಮೆಯು ಹೇಗಿರಬೇಕೆಂದು ಈ ದಾತೃಗಳನ್ನು ಯಾರೂ ಕೇಳಲಿಲ್ಲ. ಆ ಸಂಸ್ಥೆಯ ಪ್ರಮುಖರಲ್ಲೊಬ್ಬನಾದ ವಿಲಿಯಂ ಗ್ರೀನ್‌ಲೀಫ್ ಎಲಿಯಟ್ ಎಂಬ ಪಾದ್ರಿಯು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ವಾಸವಾಗಿದ್ದ ತಾಮಸ್ ಬಾಲ್ ಎಂಬ ಅಮೆರಿಕನ್ ಶಿಲ್ಪಿಯ ಮಾದರಿಯನ್ನು ನೋಡಿದ್ದನು. ಲಿಂಕನ್ನನು ನಿಂತು ಕೈಚಾಚಿದ್ದಾನೆ. ಅವನ ಪಾದದ ಬಳಿ ಗುಲಾಮನೊಬ್ಬನು ಮೊಣಕಾಲೂರಿದ್ದಾನೆ. ಗುಲಾಮನು ತಾನೂ ಬಲವನ್ನು ಹಾಕಿ ಸಂಕೋಲೆಯನ್ನು ಹರಿಯುತ್ತಿರುವಂತೆ ತೋರಬೇಕೆಂದು ಸಂಸ್ಥೆಯವರು ಹೇಳಲು, ಶಿಲ್ಪಿಯು ಮಾದರಿಯನ್ನು ತಿದ್ದಿದನು. ಮುಖವು ಮಾತ್ರ ನಿಜವಾದ ಮನುಷ್ಯನೊಬ್ಬನದಾಗಿರಲೆಂದು ಆರ್ಚರ್ ಅಲೆಗ್ಸಾಂಡರ್ ಎಂಬವನ ಛಾಯಾಚಿತ್ರವನ್ನು ಎಲಿಯಟ್ಟನು ಕಳುಹಿಸಿಕೊಟ್ಟನು.

ಈ ಆರ್ಚರನ ಕಥೆಯು ಗಮನಾರ್ಹವಾದುದು. ಎಲಿಯಟ್ಟನೇ ಬರೆದಿರುವಂತೆ, ಮಿಸೂರಿ ಸಂಸ್ಥಾನದಲ್ಲಿ ಗುಲಾಮನಾಗಿದ್ದ ಆತನು, ಶತ್ರುಪಕ್ಷದವರು ಸೇತುವೆಯ ತೊಲೆಗಳನ್ನು ಕೊಯ್ದಿಟ್ಟಿರುವರೆಂಬ ವರ್ತಮಾನವನ್ನು ಸರ್ಕಾರದ ಸೈನ್ಯಕ್ಕೆ ಮುಟ್ಟಿಸಿ, ಅನಂತರ ತಪ್ಪಿಸಿಕೊಂಡು ಬಂದು ಸೇಂಟ್ ಲೂಯಿಯಲ್ಲಿ ಎಲಿಯಟ್ಟನ ಆಶ್ರಯವನ್ನು ಪಡೆದನು. ಲಿಂಕನ್ನನು ೧೮೬೩ರ ಜನವರಿ ೧ರಂದು ಹೊರಡಿಸಿದ ವಿಮೋಚನೆಯ ಘೋಷಣೆಯು ದಂಗೆಯೆದ್ದಿದ್ದ ಪ್ರಾಂತಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಮಿಸೂರಿಗೆ ಅನ್ವಯಿಸುತ್ತಿರಲಿಲ್ಲ. ಎಂದಮೇಲೆ, ಪ್ರತಿಮೆಯಲ್ಲಿ ಲಿಂಕನ್ನನ ಕೃಪೆಗಾಗಿ ಮೊಣಕಾಲೂರಿದಂತೆ ಕಾಣುವ ಮನುಷ್ಯನು ವಾಸ್ತವವಾಗಿ ತನ್ನ ಕಾಲಿನ ಬಲದಿಂದಲೇ ದಾಸ್ಯವನ್ನು ದಾಟಿ ಬಂದವನು!

ಪ್ರತಿಮೆಯನ್ನು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಎರಕಹೊಯ್ದರು. ಪೀಠದ ವೆಚ್ಚಕ್ಕಾಗಿ ಅಮೆರಿಕಾದ ಕಾಂಗ್ರೆಸ್ಸು ೩,೦೦೦ ಡಾಲರುಗಳನ್ನು ಮಂಜೂರು ಮಾಡಿತು. ಷಾರ್ಲೆಟ್ ಸ್ಕಾಟಳ ಹೆಸರನ್ನೂ ಆಕೆಯ ಐದು ಡಾಲರುಗಳನ್ನೂ ಪೀಠದ ಫಲಕದಲ್ಲಿ ಬರೆಯಿಸಿದರು. ಲಿಂಕನ್ನನ ಮೇಲೆ ಗುಂಡು ಹಾರಿ ಹನ್ನೊಂದು ವರ್ಷ ತುಂಬಿದ ದಿನ, ಎಂದರೆ ೧೮೭೬ರ ಏಪ್ರಿಲ್ ೧೪ರಂದು, ಅಧ್ಯಕ್ಷ ಗ್ರಾಂಟನ ಸಮಕ್ಷಮದಲ್ಲಿ ಪ್ರತಿಮೆಯ ಅನಾವರಣವು ನಡೆಯಿತು.

ಅಂದಿನ ಮುಖ್ಯ ಭಾಷಣಕಾರನು ಫ್ರೆಡರಿಕ್ ಡಗ್ಲಾಸ್. ಆತನೂ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, ೧೮೩೮ರಲ್ಲಿ ತಪ್ಪಿಸಿಕೊಂಡು, ವಾಗ್ಮಿಯೂ ಪತ್ರಿಕಾಕರ್ತನೂ ಆಗಿ ಲೋಕಪ್ರಸಿದ್ಧನಾದವನು. ಇಂತಹ ಸಮಾರಂಭಗಳಲ್ಲಿ ಬರಿಯ ಹೊಗಳಿಕೆಯೇ ರೂಢಿ. ಡಗ್ಲಾಸನು ಹಾಗೆ ಮಾಡಲಿಲ್ಲ. ಲಿಂಕನ್ನನು ಮುಖ್ಯವಾಗಿ ಬಿಳಿಯರ ಅಧ್ಯಕ್ಷನಾಗಿದ್ದನೆಂದೂ, ಬಿಳಿಯರು ಅವನಿಗೆ ಸ್ವಂತ ಮಕ್ಕಳಾದರೆ ತಾವು ಮಲಮಕ್ಕಳೆಂದೂ ನಿಸ್ಸಂಕೋಚವಾಗಿ ನುಡಿದನು. ಆದರೂ ದೇಶದ ಅಂದಿನ ಸ್ಥಿತಿಯನ್ನು ನೋಡಿ ಅಳೆದರೆ ಲಿಂಕನ್ನನು ದೃಢಚಿತ್ತನೂ ಶೀಘ್ರಕಾರ್ಯನಿರತನೂ ಆಗಿದ್ದನೆಂದು ಕೃತಜ್ಞತೆಯಿಂದ ಒಪ್ಪಿದನು. ಸತ್ಯವನ್ನು ಬಿಡದೆಯೂ ಋಣವನ್ನು ಮರೆಯದೆಯೂ ಆಡಿದ ಮಾತು ಅದು.

ಕೆಲವು ದಿನಗಳಲ್ಲಿಯೇ ಆತನು ವಾಷಿಂಗ್‌ಟನ್ನಿನ ಪತ್ರಿಕೆಯೊಂದಕ್ಕೆ ಕಾಗದವನ್ನು ಬರೆದನು. ಮೊಣಕಾಲೂರಿದ ಪಶುವಿನಂತಲ್ಲದೆ, ತನ್ನ ಪಾದಗಳ ಮೇಲೆ ನಿಂತ ಮನುಷ್ಯನಾಗಿ ತನ್ನ ಜನವನ್ನು ತೋರಿಸುವ ಸ್ಮಾರಕವನ್ನು ಸಾಯುವ ಮೊದಲು ನೋಡಬೇಕೆಂಬುದು ತನ್ನ ಬಯಕೆಯೆಂದೂ, ಆ ಉದ್ಯಾನದಲ್ಲಿ ಮತ್ತೊಂದಕ್ಕೆ ಸ್ಥಳವಿದೆಯೆಂದೂ ಅದರಲ್ಲಿ ತಿಳಿಸಿದನು. ೧೮೯೫ರಲ್ಲಿ ಡಗ್ಲಾಸನು ತೀರಿಕೊಂಡನು, ಬಯಕೆ ಈಡೇರಲಿಲ್ಲ. ಬಹುಕಾಲ ಮರೆಯಾಗಿದ್ದ ಆ ಕಾಗದವನ್ನು ೨೦೨೦ರಲ್ಲಿ ಇತಿಹಾಸಜ್ಞರಿಬ್ಬರು ಬೆಳಕಿಗೆ ತಂದರು.

ಅಷ್ಟರಲ್ಲಿ ಕಾಲವೇ ಅರ್ಧ ಉತ್ತರವನ್ನು ಕೊಟ್ಟಿತ್ತು. ೧೯೭೪ರಲ್ಲಿ ಅದೇ ಉದ್ಯಾನದಲ್ಲಿ ಮೇರಿ ಮ್ಯಾಕ್ಲಿಯಡ್ ಬೆಥೂನ್ ಎಂಬ ಕಪ್ಪುವರ್ಣದ ವಿದ್ಯಾಪ್ರಸಾರಕಿಯ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಊರುಗೋಲು ಹಿಡಿದ ಆಕೆ ಇಬ್ಬರು ಮಕ್ಕಳಿಗೆ ತನ್ನ ಬಾಳಿನ ಆಸ್ತಿಯನ್ನು ಒಪ್ಪಿಸುತ್ತಿದ್ದಾಳೆ. ಆಕೆಗೆ ಎದುರಾಗಲೆಂದು ಲಿಂಕನ್ನನ ಪ್ರತಿಮೆಯನ್ನೇ ತಿರುಗಿಸಿ ನಿಲ್ಲಿಸಿದರು.

ಬಾಸ್ಟನ್ ನಗರದಲ್ಲಿ ೧೮೭೯ರಿಂದ ಈ ಪ್ರತಿಮೆಯ ಪ್ರತಿರೂಪವೊಂದಿತ್ತು. ಜನರ ಆಕ್ಷೇಪಣೆಯ ಮೇಲೆ ಆ ನಗರದ ಕಲಾಮಂಡಲಿಯು ೨೦೨೦ರ ಜೂನ್ ೩೦ರಂದು ಅದನ್ನು ತೆಗೆಯಲು ನಿರ್ಣಯಿಸಿತು. ಡಿಸೆಂಬರ್ ತಿಂಗಳಲ್ಲಿ ಅದನ್ನು ಇಳಿಸಿದರು. ವಾಷಿಂಗ್‌ಟನ್ನಿನ ಮೂಲ ಪ್ರತಿಮೆಯ ಬಗೆಗೂ ಆಗ ವಾಗ್ವಾದವು ನಡೆಯಿತು. ಗುಲಾಮನ ಭಂಗಿಯು ಮಾನಹಾನಿಕರವೆಂದು ಕೆಲವರು. ಬಿಡುಗಡೆಯಾದವರ ಹಣದಿಂದ ಆದುದನ್ನು ಕಿತ್ತರೆ ಅವರಿಗೇ ಅವಮಾನವೆಂದು ಕೆಲವರು. ಮೂಲವು ಸ್ಥಳದಲ್ಲಿಯೇ ಉಳಿಯಿತು.

ಎರಡು ಪಕ್ಷದಲ್ಲಿಯೂ ನ್ಯಾಯವಿದೆಯೆಂದೇ ನಮಗೆ ತೋರುವುದು. ಬಾಸ್ಟನ್ನಿನದು ಪ್ರತಿರೂಪ, ವಾಷಿಂಗ್‌ಟನ್ನಿನದಾದರೋ ಷಾರ್ಲೆಟ್ಟಳ ಐದು ಡಾಲರು ಕರಗಿ ಸೇರಿರುವ ಕಂಚು. ತಪ್ಪಿದ್ದುದು ಕೊಟ್ಟವರ ಭಕ್ತಿಯಲ್ಲಲ್ಲ, ಅವರನ್ನು ಕೇಳದೆ ಹೋದುದರಲ್ಲಿ. ನಮ್ಮ ಊರುಗಳಲ್ಲಿಯೂ ಸ್ಮಾರಕಗಳಿಗಾಗಿ ವಂತಿಗೆಯನ್ನು ಎತ್ತುವುದುಂಟು. ಕಾಸು ಕೊಟ್ಟ ಬಡವನಿಗೆ ರಸೀತಿಯೊಂದನ್ನು ಕೊಟ್ಟು ಕಳುಹಿಸಿದರೆ ಸಾಲದು. ಅವನ ಮಾತಿಗೂ ಸಭೆಯಲ್ಲಿ ಒಂದು ಸ್ಥಾನವಿರಬೇಕು.