ಪೊಲೀಸ್ ಸೇವೆಗೆ ಸೇರಬಯಸುವ ನಮ್ಮ ತರುಣರಿಗೆ: ಅರ್ಹತೆ, ಆಯ್ಕೆ, ದೇಹಸಿದ್ಧತೆ

ನಿಜಾಮರ ಕಾಲದಿಂದಲೂ ಕಲಬುರಗಿ, ರಾಯಚೂರು, ಬೀದರ ಸೀಮೆಗಳ ಜನರು ವಿದ್ಯೆ, ವ್ಯಾಪಾರ, ನೌಕರಿಗಳ ನಿಮಿತ್ತ ಈ ಭಾಗ್ಯನಗರಕ್ಕೆ ಬಂದು ನೆಲೆಸುತ್ತಿದ್ದಾರೆ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಹೋದ ಮೇಲೂ ಈ ವಲಸೆ ನಿಂತಿಲ್ಲ. ನಮ್ಮವರು ಶಿಕ್ಷಕರಾಗಿದ್ದಾರೆ, ಬ್ಯಾಂಕು ಮತ್ತು ರೈಲ್ವೆಗಳಲ್ಲಿ ದುಡಿದಿದ್ದಾರೆ, ಹೋಟೆಲು ನಡೆಸಿದ್ದಾರೆ, ಈಚೆಗೆ ಗಣಕಯಂತ್ರದ ಕಚೇರಿಗಳನ್ನೂ ತುಂಬಿದ್ದಾರೆ. ಆದರೆ ಪೊಲೀಸ್ ಇಲಾಖೆಯನ್ನು ಕುರಿತು ನಮ್ಮ ಮನೆಗಳಲ್ಲಿ ಮಾತು ನಡೆಯುವುದು ವಿರಳ. ಮಗನೋ ಮಗಳೋ ಆಸೆ ವ್ಯಕ್ತಪಡಿಸಿದರೂ ಯಾರನ್ನು ಕೇಳಬೇಕು, ಎಲ್ಲಿಂದ ಪ್ರಾರಂಭಿಸಬೇಕು ಎಂಬುದು ಹಿರಿಯರಿಗೆ ತಿಳಿಯದು. ದೇಶದ ಐ.ಪಿ.ಎಸ್. ಅಧಿಕಾರಿಗಳನ್ನು ತರಬೇತುಗೊಳಿಸುವ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯು 1975ರಲ್ಲಿ ಅಬು ಪರ್ವತದಿಂದ ನಮ್ಮ ಶಿವರಾಂಪಲ್ಲಿಗೇ ಬಂದು ನೆಲೆಸಿದೆ. ಅದರ ಪಕ್ಕದ ರಸ್ತೆಯಲ್ಲಿ ನಿತ್ಯ ಓಡಾಡುವ ನಮಗೆ ಈ ಸೇವೆ ಅಪರಿಚಿತವಾಗಿ ಉಳಿದಿರುವುದು ವಿಚಿತ್ರವೇ ಸರಿ. ಈ ಲೇಖಕನು ವೈದ್ಯನಾದುದರಿಂದ ದೇಹಸಿದ್ಧತೆಯ ವಿಷಯವನ್ನು ತುಸು ವಿಸ್ತಾರವಾಗಿ ಹೇಳಿದರೆ ವಾಚಕರು ಸಹಿಸಿಕೊಳ್ಳಬೇಕು.

ತೆಲಂಗಾಣದಲ್ಲಿ ಪೇದೆ ಮತ್ತು ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳನ್ನು ರಾಜ್ಯ ಪೊಲೀಸ್ ನೇಮಕಾತಿ ಮಂಡಳಿಯು ತುಂಬುತ್ತದೆ. 2022ರ ಏಪ್ರಿಲ್ ತಿಂಗಳಲ್ಲಿ ಮಂಡಳಿಯು 16 ಸಾವಿರಕ್ಕೂ ಹೆಚ್ಚು ಹುದ್ದೆಗಳಿಗೆ ಪ್ರಕಟಣೆ ಹೊರಡಿಸಿತು. ಕೆಳಗೆ ಕೊಟ್ಟಿರುವ ತೆಲಂಗಾಣದ ಅಂಕಿಗಳೆಲ್ಲ ಆ ಪ್ರಕಟಣೆಗೆ ಸಂಬಂಧಿಸಿದವು. ಮುಂದಿನ ಪ್ರಕಟಣೆಯಲ್ಲಿ ಕೆಲವು ಬದಲಾಗಬಹುದಾದ್ದರಿಂದ ಅದನ್ನು ಓದಿಯೇ ಅರ್ಜಿ ತುಂಬತಕ್ಕದ್ದು. ಪೇದೆಯಾಗಲು ಇಂಟರ್‌ಮೀಡಿಯೆಟ್, ಅಂದರೆ ನಮ್ಮ ಪಿ.ಯು.ಸಿ., ತೇರ್ಗಡೆಯಾಗಿರಬೇಕು, ಸಬ್‌ಇನ್‌ಸ್ಪೆಕ್ಟರ್ ಆಗಲು ಯಾವುದಾದರೊಂದು ಪದವಿ ಬೇಕು. ಪೇದೆಗೆ 18 ರಿಂದ 22, ಸಬ್‌ಇನ್‌ಸ್ಪೆಕ್ಟರಿಗೆ 21 ರಿಂದ 25 ಎಂಬುದು ಮೂಲ ವಯೋಮಿತಿ. ಬಹುಕಾಲ ನೇಮಕಾತಿ ನಡೆಯದಿದ್ದುದರಿಂದ 2022ರಲ್ಲಿ ಸರಕಾರವು ಮೊದಲು ಮೂರು ವರ್ಷ, ಆಮೇಲೆ ಮತ್ತೆರಡು ವರ್ಷ ಗರಿಷ್ಠ ಮಿತಿಯನ್ನು ಸಡಿಲಿಸಿತು. ನಾಗರಿಕ ಪೊಲೀಸ್ ವಿಭಾಗದಲ್ಲಿ ನೂರಕ್ಕೆ 33 ಹುದ್ದೆಗಳು ಮಹಿಳೆಯರಿಗೆ ಮೀಸಲು ಎಂಬುದನ್ನು ಹೆಣ್ಣುಮಕ್ಕಳ ತಂದೆತಾಯಿಗಳು ಗಮನಿಸಬೇಕು.

ವಲಸೆ ಬಂದ ಕುಟುಂಬಗಳಿಗೆ ನಿಜವಾದ ತೊಡಕು ಇರುವುದು ‘ಸ್ಥಳೀಯ’ ಎಂಬ ಒಂದು ಪದದಲ್ಲಿ. 2018ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ನೇರ ನೇಮಕಾತಿಯ ನೂರಕ್ಕೆ 95 ಹುದ್ದೆಗಳು ಸ್ಥಳೀಯ ಅಭ್ಯರ್ಥಿಗಳಿಗೇ ಸಲ್ಲುತ್ತವೆ. ಸ್ಥಳೀಯರು ಯಾರೆಂಬುದನ್ನು ಸ್ವಂತ ಮನೆಯಾಗಲಿ ರೇಷನ್ ಕಾರ್ಡಾಗಲಿ ನಿರ್ಧರಿಸುವುದಿಲ್ಲ. ಒಂದರಿಂದ ಏಳನೆಯ ತರಗತಿಯವರೆಗಿನ ಏಳು ವರ್ಷಗಳಲ್ಲಿ ಹೆಚ್ಚು ವರ್ಷ ಎಲ್ಲಿ ಓದಿದರೆಂಬುದು ನಿರ್ಧರಿಸುತ್ತದೆ. ನಾಲ್ಕನೆಯ ತರಗತಿಗೆ ಇಲ್ಲಿನ ಶಾಲೆ ಸೇರಿದ ಬಾಲಕನಿಗೆ ನಾಲ್ಕು ವರ್ಷ ಇಲ್ಲಿಯವಾದವು. ಐದನೆಯ ತರಗತಿಗೆ ಸೇರಿದವನಿಗೆ ಮೂರೇ ವರ್ಷ. ಇವನ ತಂದೆ ಇಲ್ಲಿಯೇ ಮೂವತ್ತು ವರ್ಷ ದುಡಿದಿದ್ದರೂ ಇವನು ಎಲ್ಲರಿಗೂ ತೆರೆದಿರುವ ಉಳಿದ ಐದು ಪಾಲಿನಲ್ಲಿ ಮಾತ್ರ ಸ್ಪರ್ಧಿಸಬೇಕಾಗುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಎಷ್ಟೋ ಮನೆಗಳಲ್ಲಿ ಮಗುವನ್ನು ಊರಿನ ಅಜ್ಜಿಯ ಬಳಿ ಬಿಟ್ಟು ಪ್ರಾಥಮಿಕ ಶಾಲೆ ಓದಿಸುವ ರೂಢಿಯಿದೆ. ಅದರ ಪರಿಣಾಮ ಹದಿನೈದು ವರ್ಷಗಳ ಮೇಲೆ ಹೀಗೆ ಎದುರಾಗುತ್ತದೆಂದು ಆಗ ಯಾರಿಗೂ ಹೊಳೆಯುವುದಿಲ್ಲ. ಇಲ್ಲಿಯೇ ಓದಿದವರು ಏಳೂ ತರಗತಿಗಳ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಪಡೆದಿಟ್ಟುಕೊಳ್ಳಬೇಕು. ಶಾಲೆಗಳು ಮುಚ್ಚುತ್ತವೆ, ದಾಖಲೆ ಪುಸ್ತಕಗಳು ಗೆದ್ದಲಿನ ಪಾಲಾಗುತ್ತವೆ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮುಂತಾದ ಕಡೆಯ ಕನ್ನಡ ಶಾಲೆಗಳಲ್ಲಿ ಕಲಿತವರಿಗೆ ಈ ತೊಂದರೆಯಿಲ್ಲ; ಶಾಲೆ ಯಾವ ಭಾಷೆಯದಾದರೂ ಅದು ಇರುವ ಸ್ಥಳವೇ ಗಣನೆಗೆ ಬರುತ್ತದೆ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿಯೂ ಇಂಥದೇ ತೊಡಕು. ಪರಿಶಿಷ್ಟ ಜಾತಿ ಪಂಗಡಗಳ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಒಂದು ರಾಜ್ಯದಿಂದ ಮತ್ತೊಂದಕ್ಕೆ ವಲಸೆ ಹೋದವರು ಆ ಸೌಲಭ್ಯವನ್ನು ಜೊತೆಯಲ್ಲಿ ಕೊಂಡೊಯ್ಯಲಾರರೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ, ಆಂಧ್ರದಿಂದ ಮುಂಬಯಿಗೆ ಹೋದ ಕುಟುಂಬವೊಂದರ ವಿದ್ಯಾರ್ಥಿಯ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಕರ್ನಾಟಕದ ಪ್ರಮಾಣಪತ್ರ ಕರ್ನಾಟಕದಲ್ಲಿಯೇ ಸಲ್ಲುತ್ತದೆ.

ಇನ್ನು ಆಯ್ಕೆಯ ಕ್ರಮ. ಮೊದಲು ಪೂರ್ವಭಾವಿ ಲಿಖಿತ ಪರೀಕ್ಷೆ: ಮೂರು ಗಂಟೆ, 200 ಪ್ರಶ್ನೆ. 2022ರಿಂದ ತಪ್ಪು ಉತ್ತರಕ್ಕೆ ಐದನೆಯ ಒಂದು ಅಂಕ ಕಳೆಯುವ ಪದ್ಧತಿ ಬಂದಿದೆ. ಕಣ್ಣುಮುಚ್ಚಿ ಗುರುತು ಹಾಕುವ ಕಾಲ ಹೋಯಿತು. ಇದರಲ್ಲಿ ತೇರ್ಗಡೆಯಾದವರಿಗೆ ದೇಹಪರೀಕ್ಷೆ, ಅದರಲ್ಲಿ ಉಳಿದವರಿಗೆ ಅಂತಿಮ ಲಿಖಿತ ಪರೀಕ್ಷೆ, ಆಮೇಲೆ ದಾಖಲೆಗಳ ಪರಿಶೀಲನೆ, ವೈದ್ಯಕೀಯ ತಪಾಸಣೆ, ಪೂರ್ವಚರಿತ್ರೆಯ ವಿಚಾರಣೆ. ಪ್ರಶ್ನೆಗಳು ಇಂಗ್ಲಿಷ್, ತೆಲುಗು, ಉರ್ದುಗಳಲ್ಲಿ ಇರುತ್ತವೆ, ಕನ್ನಡದಲ್ಲಿಲ್ಲ. ಸಬ್‌ಇನ್‌ಸ್ಪೆಕ್ಟರ್ ಪರೀಕ್ಷೆಯಲ್ಲಿ ಅಂಕಗಣಿತ ಮತ್ತು ಸಾಮಾನ್ಯ ಜ್ಞಾನಗಳ ಜೊತೆಗೆ ಇಂಗ್ಲಿಷ್ ಪತ್ರಿಕೆಯೊಂದನ್ನೂ ತೆಲುಗು ಅಥವಾ ಉರ್ದು ಪತ್ರಿಕೆಯೊಂದನ್ನೂ ಬರೆಯಬೇಕು. ನಮ್ಮ ಮಕ್ಕಳು ತೆಲುಗನ್ನು ನಿರರ್ಗಳವಾಗಿ ಆಡಬಲ್ಲರು, ಲಿಪಿಯೂ ಸೋದರ ಲಿಪಿ. ಆದರೆ ಓದಬಲ್ಲವನೆಲ್ಲ ಪ್ರಬಂಧ ಬರೆಯಬಲ್ಲನೆಂದು ಭಾವಿಸಲಾಗದು. ಕೈಬರಹದ ಅಭ್ಯಾಸ ಆರು ತಿಂಗಳಾದರೂ ಬೇಕು. ಐ.ಪಿ.ಎಸ್. ಆಶಿಸುವವರಿಗೆ ಮಾತ್ರ ಒಂದು ಸಂತೋಷದ ಸಂಗತಿ: ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು.

ದೇಹಪರೀಕ್ಷೆಗೆ ಬರೋಣ. ಎತ್ತರ ಪುರುಷರಿಗೆ 167.6, ಮಹಿಳೆಯರಿಗೆ 152.5 ಸೆಂಟಿಮೀಟರ್. ಮೊದಲು ಐದು ಬಗೆಯ ಪರೀಕ್ಷೆಗಳಿದ್ದವು. 2022ರಲ್ಲಿ ಮೂರಕ್ಕೆ ಇಳಿಸಿದರು. ಪುರುಷರು 1600 ಮೀಟರನ್ನು 7 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು, 4 ಮೀಟರ್ ಉದ್ದ ಜಿಗಿಯಬೇಕು, 7.26 ಕಿಲೋ ತೂಕದ ಗುಂಡನ್ನು 6 ಮೀಟರ್ ಎಸೆಯಬೇಕು. ಮಹಿಳೆಯರಿಗೆ 800 ಮೀಟರ್ ಓಟ 5 ನಿಮಿಷ 20 ಸೆಕೆಂಡಿನಲ್ಲಿ, ಜಿಗಿತ ಎರಡೂವರೆ ಮೀಟರ್, 4 ಕಿಲೋ ಗುಂಡಿನ ಎಸೆತ 4 ಮೀಟರ್. ಕರ್ನಾಟಕದ ಪೇದೆ ಪರೀಕ್ಷೆ ಓಟದಲ್ಲಿ ಇನ್ನೂ ಬಿಗಿ: ಪುರುಷರಿಗೆ ಅದೇ 1600 ಮೀಟರಿಗೆ ಆರೂವರೆ ನಿಮಿಷ, ಮಹಿಳೆಯರಿಗೆ 400 ಮೀಟರಿಗೆ ಎರಡು ನಿಮಿಷ.

ಎತ್ತರವನ್ನು ಕುರಿತು ಒಂದು ಮಾತು. ಒಂದು ಸೆಂಟಿಮೀಟರ್ ಕಡಿಮೆಯಿರುವ ಹುಡುಗರು ‘ಎತ್ತರ ಬೆಳೆಸುವ’ ಪುಡಿ ಗುಳಿಗೆಗಳಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಎಲುಬಿನ ಬೆಳವಣಿಗೆಯ ತುದಿಗಳು ಒಮ್ಮೆ ಬೆಸೆದುಕೊಂಡ ಬಳಿಕ ಯಾವ ಔಷಧವೂ ಅವನ್ನು ಬೆಳೆಸಲಾರದು. ಬೆನ್ನೆಲುಬಿನ ನಡುವಣ ಮೆತ್ತೆಗಳು ದಿನವಿಡೀ ಭಾರದಿಂದ ಅದುಮಿಕೊಳ್ಳುವುದರಿಂದ ಮನುಷ್ಯ ಸಂಜೆಗಿಂತ ಬೆಳಿಗ್ಗೆ ಸುಮಾರು ಒಂದು ಸೆಂಟಿಮೀಟರ್ ಎತ್ತರವಿರುತ್ತಾನೆ. ಇದಕ್ಕಿಂತ ಹೆಚ್ಚಿನ ಉಪಾಯ ವೈದ್ಯಶಾಸ್ತ್ರದಲ್ಲಿಲ್ಲ.

ಓಟದ ಲೆಕ್ಕ ಸರಳವಾಗಿದೆ. 400 ಮೀಟರಿನ ಮೈದಾನದಲ್ಲಿ 1600 ಮೀಟರೆಂದರೆ ನಾಲ್ಕು ಸುತ್ತು. 7 ನಿಮಿಷ 15 ಸೆಕೆಂಡೆಂದರೆ ಸುತ್ತಿಗೆ 1 ನಿಮಿಷ 48 ಸೆಕೆಂಡು. ಕರ್ನಾಟಕದ ಮಿತಿಗೆ 1 ನಿಮಿಷ 37 ಸೆಕೆಂಡು. ಆರೋಗ್ಯವಂತ ತರುಣನಿಗೆ ಇದು ಅಸಾಧ್ಯವಲ್ಲ. ಸೋಲುವವರು ಬಹುಮಟ್ಟಿಗೆ ಮೊದಲ ಸುತ್ತನ್ನು ಒಂದು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಓಡಿ, ಮೂರನೆಯ ಸುತ್ತಿನಲ್ಲಿ ಉಸಿರು ಕಳೆದುಕೊಳ್ಳುವವರು. ಪ್ರತಿ ಸುತ್ತನ್ನೂ ಒಂದೇ ವೇಗದಲ್ಲಿ ಓಡುವ ಅಭ್ಯಾಸವೇ ಅರ್ಧ ಗೆಲುವು.

ಈ ಅಭ್ಯಾಸಕ್ಕೆ ಕನಿಷ್ಠ ಮೂರು ತಿಂಗಳು ಬೇಕು. ಮೊದಲ ಮೂರು ವಾರ, ವಾರಕ್ಕೆ ನಾಲ್ಕು ದಿನ, ಎರಡು ನಿಮಿಷ ಓಟ ಎರಡು ನಿಮಿಷ ನಡಿಗೆಯಂತೆ ಅರ್ಧ ಗಂಟೆ ಸಾಕು. ನಂತರ ಮೂರು ಕಿಲೋಮೀಟರ್ ದೂರವನ್ನು ಮಾತನಾಡುತ್ತ ಓಡಬಲ್ಲಷ್ಟು ನಿಧಾನವಾಗಿ ಓಡಬೇಕು. ವಾರಕ್ಕೊಂದು ದಿನ ಮಾತ್ರ 400 ಮೀಟರಿನ ವೇಗದ ಸುತ್ತುಗಳು, ನಡುವೆ ವಿಶ್ರಾಂತಿ. ಒಂಬತ್ತನೆಯ ವಾರದಿಂದ ಹತ್ತು ದಿನಕ್ಕೊಮ್ಮೆ ಗಡಿಯಾರ ಹಿಡಿದು ಪೂರ್ತಿ ದೂರ ಓಡಿ ನೋಡಬಹುದು. ಪರೀಕ್ಷೆಯ ಹಿಂದಿನ ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಬೇಕು. ಪ್ರಕಟಣೆ ಬಂದ ದಿನವೇ ಎದ್ದು ಸಿಮೆಂಟು ರಸ್ತೆಯ ಮೇಲೆ ಐದು ಕಿಲೋಮೀಟರ್ ಓಡುವವರ ಮೊಣಕಾಲಿನ ಕೆಳಗಿನ ಎಲುಬು ನೋಯತೊಡಗುತ್ತದೆ. ಅದನ್ನು ಅಲಕ್ಷಿಸಿ ಓಡಿದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು ಮೂಡಿ ಆರೆಂಟು ವಾರ ಕುಳಿತುಕೊಳ್ಳಬೇಕಾದೀತು. ಮಣ್ಣಿನ ಮೈದಾನ ಹುಡುಕಬೇಕು. ಏಪ್ರಿಲ್, ಮೇ ತಿಂಗಳ ನಮ್ಮೂರ ಬಿಸಿಲಿನಲ್ಲಿ ಸೂರ್ಯೋದಯಕ್ಕೆ ಮೊದಲೇ ಓಟ ಮುಗಿಸಬೇಕು.

ಇದು ಬರಿಯ ಉಪದೇಶವಲ್ಲ. 2024ರ ಆಗಸ್ಟ್ ಸೆಪ್ಟೆಂಬರ್ ತಿಂಗಳಲ್ಲಿ ಝಾರ್ಖಂಡದ ಅಬಕಾರಿ ಪೇದೆಗಳ ನೇಮಕಾತಿಯಲ್ಲಿ 10 ಕಿಲೋಮೀಟರ್ ಓಡಿಸಿದಾಗ ಹತ್ತಕ್ಕೂ ಹೆಚ್ಚು ಮಂದಿ ತರುಣರು ಪ್ರಾಣ ಕಳೆದುಕೊಂಡರು. ಓಡುವಾಗ ಎದೆನೋವು, ಕಣ್ಣು ಕತ್ತಲೆ, ಮೂರ್ಛೆ ಕಂಡರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡವರಿದ್ದರೆ, ಅಭ್ಯಾಸ ನಿಲ್ಲಿಸಿ ಹೃದಯ ಪರೀಕ್ಷೆ ಮಾಡಿಸಲೇಬೇಕು. ಜ್ವರವಿದ್ದಾಗ ಓಡಕೂಡದು. ‘ಶಕ್ತಿ’ಯ ಚುಚ್ಚುಮದ್ದುಗಳನ್ನು ಕುರಿತು ವ್ಯಾಯಾಮಶಾಲೆಗಳಲ್ಲಿ ಪಿಸುಮಾತು ಕೇಳಿಬರುತ್ತದೆ, ಅವು ಹೃದಯಕ್ಕೆ ಅಪಾಯಕರ. ನೋವು ಕಾಣದಿರಲೆಂದು ನೋವಿನ ಗುಳಿಗೆ ನುಂಗಿ, ನೀರು ಕುಡಿಯದೆ ಬಿಸಿಲಿನಲ್ಲಿ ಓಡಿದರೆ ಮೂತ್ರಪಿಂಡಗಳಿಗೆ ಹಾನಿ.

ಹೆಣ್ಣುಮಕ್ಕಳಲ್ಲಿ ಸೋಲಿಗೆ ಕಾರಣ ಅನೇಕ ವೇಳೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15 ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ಈ ಕೊರತೆಯಿದೆ. ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿದ್ದವಳು ಎಷ್ಟು ಅಭ್ಯಾಸ ಮಾಡಿದರೂ ಎರಡನೆಯ ಸುತ್ತಿನಲ್ಲಿ ಏದುಸಿರು ಬಿಡುತ್ತಾಳೆ. ಕಬ್ಬಿಣದ ಗುಳಿಗೆ ಕೆಲಸ ಮಾಡಲು ಎರಡು ಮೂರು ತಿಂಗಳು ಹಿಡಿಯುವುದರಿಂದ ರಕ್ತಪರೀಕ್ಷೆಯನ್ನು ಮೊದಲ ವಾರವೇ ಮಾಡಿಸಬೇಕು. ಊಟದ ಜೊತೆಯಲ್ಲೇ ಚಹಾ ಕುಡಿದರೆ ಕಬ್ಬಿಣ ರಕ್ತಕ್ಕೆ ಸೇರದು. ನಿಂಬೆಹಣ್ಣು ಹಿಂಡಿಕೊಂಡರೆ ಸೇರುತ್ತದೆ. ಆಹಾರಕ್ಕಾಗಿ ದುಬಾರಿ ಡಬ್ಬಿಗಳನ್ನು ಕೊಳ್ಳಬೇಕಾಗಿಲ್ಲ. ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ತಿನ್ನುವವರಿಗೆ ಮೊಟ್ಟೆ. ನಮ್ಮ ಕಡೆಯ ಊಟ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಕೊನೆಯ ವೈದ್ಯಕೀಯ ತಪಾಸಣೆಯಲ್ಲಿ ವರ್ಣಾಂಧತೆ, ಮೆಳ್ಳೆಗಣ್ಣು, ದೃಷ್ಟಿಮಾಂದ್ಯ, ಚಪ್ಪಟೆ ಪಾದ, ನಿಂತಾಗ ಒಂದಕ್ಕೊಂದು ತಾಗುವ ಮಂಡಿಗಳು, ಕಾಲಿನಲ್ಲಿ ಉಬ್ಬಿದ ರಕ್ತನಾಳಗಳು, ಕಿವುಡು ಮುಂತಾದುವನ್ನು ನೋಡುತ್ತಾರೆ. ವರ್ಣಾಂಧತೆ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವಂಥದು. ಅದಕ್ಕೆ ಚಿಕಿತ್ಸೆಯಿಲ್ಲ, ಇರುವವನಿಗೆ ಇದೆಯೆಂದೇ ತಿಳಿದಿರುವುದಿಲ್ಲ. ಎರಡು ವರ್ಷ ಶ್ರಮಿಸಿ, ಲಿಖಿತ ಪರೀಕ್ಷೆ ಗೆದ್ದು, ಬಣ್ಣದ ಚುಕ್ಕೆಗಳ ಪುಸ್ತಕದೆದುರು ಸೋಲುವುದು ಎಂಥ ದುಃಖ! ಕಣ್ಣಿನ ವೈದ್ಯರಲ್ಲಿ ಐದು ನಿಮಿಷದ ಈ ಪರೀಕ್ಷೆಯನ್ನು ಅರ್ಜಿ ತುಂಬುವ ಮೊದಲೇ ಮಾಡಿಸಿಕೊಳ್ಳಬಹುದು. ಚಪ್ಪಟೆ ಪಾದವನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು: ಒದ್ದೆ ಕಾಲನ್ನು ಒಣ ನೆಲದ ಮೇಲಿಟ್ಟಾಗ ಒಳ ಅಂಚಿನ ಬಾಗು ಕಾಣದೆ ಇಡೀ ಪಾದ ಮೂಡಿದರೆ ವೈದ್ಯರನ್ನು ಕಾಣಬೇಕು.

ಇಲ್ಲಿ ಸ್ಥಳೀಯರೆನಿಸದವರು ಕರ್ನಾಟಕದ ಕಡೆ ನೋಡಬಹುದು. ಕಲ್ಯಾಣ ಕರ್ನಾಟಕದಲ್ಲಿ ಜನಿಸಿದವರಿಗೆ ಅಥವಾ 2013ರ ಜನವರಿ 1ಕ್ಕೆ ಮೊದಲು ಅಲ್ಲಿ ಹತ್ತು ವರ್ಷ ವಾಸವಾಗಿದ್ದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ದೊರೆಯುತ್ತದೆ. ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿಂದ ನಮ್ಮ ಎಷ್ಟೋ ಮಕ್ಕಳ ಜನನ ನೋಂದಣಿ ಅಲ್ಲಿಯೇ ಆಗಿದೆ. ಆದರೆ ಅಲ್ಲಿಯೂ ದಲ್ಲಾಳಿಗಳ ಕಾಟವಿಲ್ಲದಿಲ್ಲ. 2021ರ ಅಕ್ಟೋಬರ್ 3ರಂದು 545 ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, 2022ರ ಏಪ್ರಿಲಿನಲ್ಲಿ ಆಯ್ಕೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಹಣ ಕೊಟ್ಟವರ ಜೊತೆಗೆ ಪ್ರಾಮಾಣಿಕವಾಗಿ ಗೆದ್ದವರೂ ಎರಡು ವರ್ಷ ಕಳೆದುಕೊಂಡರು.

ಪೂರ್ವಚರಿತ್ರೆಯ ನಮೂನೆಯಲ್ಲಿ ಹಳೆಯ ಮೊಕದ್ದಮೆ, ಅದು ಕಾಲೇಜಿನ ಜಗಳದ್ದಾಗಿದ್ದರೂ, ಮರೆಮಾಚಬಾರದು. ಕ್ಷುಲ್ಲಕ ಪ್ರಕರಣವನ್ನು ಅಧಿಕಾರಿಗಳು ಮನ್ನಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಹೇಳಿದೆ. ಮುಚ್ಚಿಟ್ಟದ್ದು ಹೊರಬಿದ್ದರೆ ಕೆಲಸವೇ ಹೋಗಬಹುದು. ಆಯ್ಕೆಯಾದ ಪೇದೆಗೆ ಒಂಬತ್ತು ತಿಂಗಳು, ಸಬ್‌ಇನ್‌ಸ್ಪೆಕ್ಟರಿಗೆ ಒಂದು ವರ್ಷ ತರಬೇತಿ. 2022ರ ಏಪ್ರಿಲಿನ ಪ್ರಕಟಣೆಯ ಪೇದೆಗಳು ತರಬೇತಿಗೆ ಸೇರಿದ್ದು 2024ರ ಫೆಬ್ರವರಿಯಲ್ಲಿ. ಇಷ್ಟು ದೀರ್ಘ ಕಾಲ ಕಾಯಬೇಕಾಗಿ ಬರುವುದರಿಂದ ಇರುವ ಕೆಲಸವನ್ನಾಗಲಿ ಓದನ್ನಾಗಲಿ ಬಿಡದೆ, ಮುಂಜಾನೆಯ ಒಂದು ಗಂಟೆಯನ್ನು ಮೈದಾನಕ್ಕೂ ರಾತ್ರಿಯ ಎರಡು ಗಂಟೆಗಳನ್ನು ಪುಸ್ತಕಕ್ಕೂ ಮೀಸಲಿಡುವುದು ಲೇಸು.